ಡಾಂಟೆಯ ನರಕ ಓದಿ ಮುಗಿಸಿದೆ, ಮುಂದಿನದು ಓದಲೇಬೇಕಾ?

ಅರ್ಧ_ಓದಿದವ

ಎಲ್ಲರಿಗೂ ನಮಸ್ಕಾರ. ಡಾಂಟೆಯ 'ಡಿವೈನ್ ಕಾಮಿಡಿ'ಯ ಮೊದಲ ಭಾಗ, ಅಂದರೆ ನರಕದ 34 ಸರ್ಗ, ಇಂಗ್ಲಿಷ್ ಅನುವಾದದಲ್ಲಿ ಓದಿದೆ. ವರ್ಣನೆ ಭರ್ಜರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದುತ್ತಾ ಓದುತ್ತಾ ಕಿರಿಕಿರಿ ಜಾಸ್ತಿ ಆಯಿತು. ಊರಿನ ರಾಜಕೀಯದಲ್ಲಿ ಸೋತವನೊಬ್ಬ ತನಗೆ ಆಗದವರನ್ನೆಲ್ಲ ಹಿಡಿದು ನರಕಕ್ಕೆ ಹಾಕಿ ಸೇಡು ತೀರಿಸಿಕೊಂಡ ಹಾಗಿದೆ.

ಅದು ಹೋಗಲಿ. ಶಿಕ್ಷೆಯ ಲೆಕ್ಕವೇ ನನಗೆ ಒಪ್ಪಿಗೆಯಾಗುತ್ತಿಲ್ಲ. ಫ್ರಾಂಚೆಸ್ಕಾ ಮತ್ತು ಪಾವೊಲೊ ಒಬ್ಬರನ್ನೊಬ್ಬರು ಇಷ್ಟಪಟ್ಟರು. ಅವಳಿಗೆ ಮದುವೆಯಾಗಿತ್ತು, ಸರಿ, ತಪ್ಪೇ. ಅದಕ್ಕೆ ಕೊನೆಯೇ ಇಲ್ಲದೆ ಬಿರುಗಾಳಿಯಲ್ಲಿ ಸುತ್ತುತ್ತಲೇ ಇರಬೇಕಾ? ಐವತ್ತು ಅರವತ್ತು ವರ್ಷದ ಬದುಕಿನ ತಪ್ಪಿಗೆ ಮುಗಿಯದ ಶಿಕ್ಷೆ ಯಾವ ಊರಿನ ನ್ಯಾಯ?

ಇನ್ನೂ 66 ಸರ್ಗ ಬಾಕಿ ಇದೆ. ನರಕವೇ ಚೆಂದ, ಆಮೇಲಿನದು ಬೋರು ಅಂತ ಎಲ್ಲರೂ ಹೇಳುತ್ತಾರೆ. ನಿಲ್ಲಿಸಿಬಿಡಲಾ?

ಸುಮ್ನೆಬಂದೆ

ನಿಲ್ಲಿಸಿ ಸರ್. ಸ್ವರ್ಗದಲ್ಲಿ ಕಥೆ ಎಲ್ಲಿರುತ್ತೆ? ಎಲ್ಲರೂ ಒಳ್ಳೆಯವರೇ.

ಹಳೇಪುಸ್ತಕ

ನಿಲ್ಲಿಸಬೇಡಿ. ನೀವು ಕೇಳಿದ ಪ್ರಶ್ನೆಗೆ ಉತ್ತರ ಇರುವುದೇ ಎರಡನೇ ಭಾಗದಲ್ಲಿ. ಅದಕ್ಕೆ ಮೊದಲು ಸೇಡಿನ ಮಾತು ಮುಗಿಸೋಣ.

ಸೇಡು ಇಲ್ಲ ಅಂತ ಯಾರೂ ಹೇಳಲಾರರು. 1302ರ ಜನವರಿಯಲ್ಲಿ ಫ್ಲಾರೆನ್ಸ್ ಅವನ ಮೇಲೆ ಲಂಚದ ಆರೋಪ ಹೊರಿಸಿ, ದಂಡ ಹಾಕಿ, ಊರಿಂದ ಹೊರಗಿಟ್ಟಿತು. ಅವನು ದಂಡ ಕಟ್ಟಲಿಲ್ಲ, ಹಾಜರಾಗಲೂ ಇಲ್ಲ. ಮಾರ್ಚ್‌ನಲ್ಲಿ ಇನ್ನೊಂದು ತೀರ್ಪು ಬಂತು: ಕೈಗೆ ಸಿಕ್ಕರೆ ಜೀವಂತ ಸುಡುವುದು. 1321ರಲ್ಲಿ ರವೆನ್ನಾದಲ್ಲಿ ಸಾಯುವವರೆಗೂ ಅವನು ಹುಟ್ಟೂರಿಗೆ ಕಾಲಿಡಲಿಲ್ಲ. ಇದಕ್ಕೆಲ್ಲ ಪೋಪ್ ಎಂಟನೇ ಬೋನಿಫೇಸ್ ಕಾರಣ ಅಂತ ಅವನಿಗೆ ಸಿಟ್ಟು. ಆದರೆ ಬೋನಿಫೇಸ್ ಸತ್ತದ್ದು 1303ರಲ್ಲಿ. ಕಾವ್ಯದ ಕಥೆ ನಡೆಯುವುದು 1300ರ ಈಸ್ಟರ್ ಸಮಯದಲ್ಲಿ. ಬದುಕಿರುವವನನ್ನು ನರಕಕ್ಕೆ ಹಾಕುವುದು ಹೇಗೆ?

19ನೇ ಸರ್ಗ ಇನ್ನೊಮ್ಮೆ ನೋಡಿ. ಧರ್ಮದ ಹುದ್ದೆ ಮಾರಿ ದುಡ್ಡು ಮಾಡಿದವರನ್ನು ಬಂಡೆಯ ಗುಳಿಗಳಲ್ಲಿ ತಲೆಕೆಳಗಾಗಿ ನೆಟ್ಟಿದ್ದಾರೆ. ಹೊರಗೆ ಕಾಣುವುದು ಕಾಲು ಮಾತ್ರ, ಅಂಗಾಲಿಗೆ ಬೆಂಕಿ. ಒಂದು ಗುಳಿಯಲ್ಲಿ ಪೋಪ್ ಮೂರನೇ ನಿಕೊಲಸ್ ಇದ್ದಾನೆ. ಪಕ್ಕದಲ್ಲಿ ಯಾರೋ ಬಂದು ನಿಂತದ್ದು ತಿಳಿಯುತ್ತದೆ, ಮುಖ ಕಾಣುವುದಿಲ್ಲ. "ಏನಪ್ಪಾ ಬೋನಿಫೇಸ್, ಆಗಲೇ ಬಂದುಬಿಟ್ಟೆಯಾ?" ಅಂತ ಕೇಳುತ್ತಾನೆ. ಬದುಕಿರುವ ಪೋಪ್‌ಗೆ ಮೂರು ವರ್ಷ ಮೊದಲೇ ಸೀಟು ಬುಕ್!

ಇದು ಸೇಡೇ. ಆದರೆ 15ನೇ ಸರ್ಗದಲ್ಲಿ ಇರುವುದು ಯಾರು? ಅವನ ಗುರು ಬ್ರುನೆತ್ತೊ ಲತೀನಿ. ಸುಡುವ ಮರಳಿನ ಮೇಲೆ ಓಡುತ್ತಿರುವ ಆ ಮುದುಕನ ಜೊತೆ ಡಾಂಟೆ ತಲೆಬಗ್ಗಿಸಿ ನಡೆಯುತ್ತಾನೆ, ತಂದೆಯಂತಿದ್ದಿರಿ ಅನ್ನುತ್ತಾನೆ. 10ನೇ ಸರ್ಗದಲ್ಲಿ ಬೆಂಕಿಯ ಗೋರಿಯಿಂದ ಎದೆಯೆತ್ತಿ ನಿಲ್ಲುವ ಫರಿನಾತ ವಿರೋಧಿ ಪಕ್ಷದ ನಾಯಕ. 1260ರ ಮೊಂತಪೆರ್ತಿ ಯುದ್ಧ ಗೆದ್ದ ಮೇಲೆ ಅವನ ಕಡೆಯವರೇ ಫ್ಲಾರೆನ್ಸನ್ನು ನೆಲಸಮ ಮಾಡೋಣ ಅಂದಾಗ, ಬೇಡ ಅಂತ ಅಡ್ಡ ನಿಂತವನು ಅವನೊಬ್ಬನೇ. ಅದನ್ನು ಡಾಂಟೆ ಅವನ ಬಾಯಲ್ಲೇ ಹೇಳಿಸುತ್ತಾನೆ. ಪ್ರೀತಿಯ ಗುರು ನರಕದಲ್ಲಿ, ನರಕದಲ್ಲಿರುವ ವೈರಿಗೆ ಗೌರವ. ಸೇಡಿನ ಪಟ್ಟಿ ಹೀಗಿರುತ್ತಾ?

ತರ್ಕದಣ್ಣ

ಶಿಕ್ಷೆಯ ಬಗ್ಗೆ ನಂದೊಂದು ಮಾತು. ನಾವು ಓದುವಾಗ ಒಬ್ಬ ಜಡ್ಜ್ ಕೂತು ತೀರ್ಪು ಬರೆದಂತೆ ನೋಡುತ್ತೇವೆ. ಮಿನೋಸ್ ಅಂತ ಒಬ್ಬ ಇದ್ದಾನೆ ನಿಜ. ಬಾಲವನ್ನು ಎಷ್ಟು ಸುತ್ತು ಮೈಗೆ ಸುತ್ತಿಕೊಳ್ಳುತ್ತಾನೋ ಅಷ್ಟನೇ ವೃತ್ತಕ್ಕೆ ಆತ್ಮ ಇಳಿಯಬೇಕು. ಆದರೆ ಅವನು ಬರೀ ಗುಮಾಸ್ತ. ನಿಜವಾದ ಶಿಕ್ಷೆ ಅಂದರೆ ಮಾಡಿದ ಪಾಪವೇ. ಅದು ಇನ್ನೂ ನಡೆಯುತ್ತಲೇ ಇದೆ, ಈಗ ಕಣ್ಣಿಗೆ ಕಾಣುವಂತೆ.

ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಅದೇ. ಭವಿಷ್ಯ ಹೇಳುತ್ತೇನೆ ಅಂತ ತುಂಬಾ ಮುಂದೆ ನೋಡಿದವರ ಕತ್ತು ಹಿಂದಕ್ಕೆ ತಿರುಗಿದೆ. ಅಳುವವರ ಕಣ್ಣೀರು ಬೆನ್ನ ಮೇಲೆ ಇಳಿಯುತ್ತದೆ. ಕಪಟಿಗಳು ತೊಟ್ಟ ನಿಲುವಂಗಿ ಹೊರಗೆ ಚಿನ್ನ, ಒಳಗೆ ಸೀಸ. ಹೆಜ್ಜೆ ಎತ್ತಲಾಗದಷ್ಟು ಭಾರ. ತಂದೆ ಮಗನನ್ನು ಒಡೆದು ಬೇರೆ ಮಾಡಿದ ಕವಿ ಬೆರ್ತ್ರಾನ್ ದೆ ಬೋರ್ನ್ ತನ್ನ ತಲೆಯನ್ನೇ ಕತ್ತರಿಸಿಕೊಂಡವನಂತೆ, ಲಾಟೀನಿನ ಹಾಗೆ ಕೈಯಲ್ಲಿ ಹಿಡಿದು ನಡೆಯುತ್ತಾನೆ.

ಫ್ರಾಂಚೆಸ್ಕಾಗೂ ಅಷ್ಟೇ. ಬದುಕಿದ್ದಾಗ ಆಸೆ ಎಳೆದತ್ತ ಹೋದಳು, ಈಗ ಗಾಳಿ ಎಳೆದತ್ತ ಹೋಗುತ್ತಾಳೆ. ಅವಳ ಮಾತು ಮತ್ತೆ ಓದಿ. ಎಷ್ಟು ಸವಿಯಾದ ಮಾತು! ಆದರೆ ಪ್ರೀತಿ ನನ್ನನ್ನು ಹಿಡಿಯಿತು, ಪ್ರೀತಿ ನಮ್ಮನ್ನು ಸಾವಿಗೆ ತಂದಿತು, ನಾವು ಓದುತ್ತಿದ್ದ ಆ ಲಾನ್ಸೆಲಾಟ್ ಪ್ರೇಮಕಥೆಯೇ ತರಕಾರಿ... ಕ್ಷಮಿಸಿ, ಫೋನ್ ತಿದ್ದಿಬಿಟ್ಟಿತು, ಆ ಕಥೆಯೇ ದಲ್ಲಾಳಿ. ಎಲ್ಲ ತಪ್ಪೂ ಬೇರೆಯದ್ದೇ. "ನಾನು ಮಾಡಿದೆ" ಅನ್ನುವ ಮಾತು ಒಂದು ಸಲವೂ ಬರುವುದಿಲ್ಲ. ಕೇಳುತ್ತಿದ್ದ ಡಾಂಟೆ ಮರುಕದಿಂದ ಮೂರ್ಛೆ ಹೋಗುತ್ತಾನೆ. ನಾವೂ ಹೋಗುತ್ತೇವೆ. ಅದು ಡಾಂಟೆ ನಮಗಿಟ್ಟ ಬಲೆ ಅಂತ ನನ್ನ ಅನಿಸಿಕೆ.

ಸುಮ್ನೆಬಂದೆ

ನರಕದಲ್ಲಿ ತರಕಾರಿ 😂

ಕರಾವಳಿಹುಡುಗಿ

ಫ್ರಾಂಚೆಸ್ಕಾ ವಿಷಯದಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಗಡೀಪಾರಾಗಿ ಅಲೆದ ಡಾಂಟೆಗೆ ಕೊನೆಗಾಲದಲ್ಲಿ ರವೆನ್ನಾದಲ್ಲಿ ಆಸರೆ ಕೊಟ್ಟವನು ಗ್ವೀದೊ ನೊವೆಲ್ಲೊ ದ ಪೊಲೆಂತ. ಅವನು ಫ್ರಾಂಚೆಸ್ಕಾಳ ಸೋದರನ ಮಗ. ತನ್ನ ಅತ್ತೆಯನ್ನು ನರಕಕ್ಕೆ ಹಾಕಿದ ಕವಿಗೇ ಮನೆಯಲ್ಲಿ ಜಾಗ ಕೊಟ್ಟ!

ಮತ್ತೆ ಒಂದು ಪ್ರಶ್ನೆ. ಇದೆಲ್ಲ ನಮ್ಮ ಗರುಡ ಪುರಾಣದ ಹಾಗೇ ಇದೆ ಅಲ್ವಾ? ಇಂಥ ಪಾಪಕ್ಕೆ ಇಂಥ ನರಕ ಅಂತ.

ಹಳೇಪುಸ್ತಕ

ಮೇಲ್ನೋಟಕ್ಕೆ ಹೌದು. ಆದರೆ ನಮ್ಮಲ್ಲಿ ನರಕಕ್ಕೆ ಅವಧಿ ಇದೆ. ಅನುಭವಿಸಿ ಮುಗಿದ ಮೇಲೆ ಜೀವ ಇನ್ನೊಂದು ಹುಟ್ಟಿಗೆ ಹೊರಡುತ್ತದೆ. ಡಾಂಟೆಯ ನರಕಕ್ಕೆ ಅವಧಿ ಇಲ್ಲ, ಎರಡನೇ ಹುಟ್ಟೂ ಇಲ್ಲ. ಇರುವುದು ಒಂದೇ ಬದುಕು. ಹಾಗಾಗಿ ಸಾಯುವ ಗಳಿಗೆಯ ಮೇಲೆ ಎಲ್ಲ ಭಾರ ಬೀಳುತ್ತದೆ. ಇದನ್ನು ಹಿಡಿದುಕೊಂಡರೆ ಉಳಿದದ್ದು ಬಿಡಿಸಿಕೊಳ್ಳುತ್ತದೆ.

ಅರ್ಧ_ಓದಿದವರೇ, ನರಕದ 27ನೇ ಸರ್ಗದಲ್ಲಿ ಗ್ವೀದೊ ದ ಮೊಂತೆಫೆಲ್ತ್ರೊ ಇದ್ದಾನಲ್ಲ, ನೆನಪಿದೆಯಾ? ದೊಡ್ಡ ಸೇನಾಪತಿ. ನರಿ ಬುದ್ಧಿಯವನು. ವಯಸ್ಸಾದ ಮೇಲೆ ಎಲ್ಲ ಬಿಟ್ಟು ಫ್ರಾನ್ಸಿಸ್ಕನ್ ಸನ್ಯಾಸಿಯಾದ. ಹಗ್ಗದ ಸೊಂಟಪಟ್ಟಿ ಕಟ್ಟಿಕೊಂಡರೆ ಪಾಪ ಕಳೆಯುತ್ತದೆ ಅಂದುಕೊಂಡ. ಅಷ್ಟರಲ್ಲಿ ಬೋನಿಫೇಸ್ ಬಂದ. ವೈರಿಗಳಾದ ಕೊಲೊನ್ನಾ ಮನೆತನದ ಪಲೆಸ್ತ್ರೀನ ಕೋಟೆಯನ್ನು ಕೆಡವಬೇಕು, ಉಪಾಯ ಹೇಳು ಅಂದ. ಗ್ವೀದೊ ಸುಮ್ಮನಿದ್ದ. ಪೋಪ್ ಅಂದ: ಹೆದರಬೇಡ, ನಿನ್ನ ಪಾಪವನ್ನು ಈಗಲೇ ಮನ್ನಿಸಿದ್ದೇನೆ. ಸ್ವರ್ಗದ ಬೀಗ ತೆಗೆಯುವ, ಹಾಕುವ ಕೀಲಿ ನನ್ನ ಹತ್ತಿರ ಇದೆ. ಸರಿ ಅಂತ ಗ್ವೀದೊ ಬಾಯಿ ಬಿಟ್ಟ: ಮಾತು ಕೊಡುವಾಗ ಉದ್ದಕ್ಕೆ ಕೊಡಿ, ಉಳಿಸಿಕೊಳ್ಳುವಾಗ ಗಿಡ್ಡ ಮಾಡಿ.

ಗ್ವೀದೊ 1298ರಲ್ಲಿ ಸತ್ತ. ಕರೆದೊಯ್ಯಲು ಸಂತ ಫ್ರಾನ್ಸಿಸ್ ಬಂದ. ಅಡ್ಡ ಬಂದದ್ದು ಒಂದು ಕಪ್ಪು ದೂತ. "ಇವನು ನನ್ನವನು, ಮುಟ್ಟಬೇಡಿ. ಪಶ್ಚಾತ್ತಾಪ ಪಡದವನಿಗೆ ಕ್ಷಮೆ ಇಲ್ಲ. ಒಂದನ್ನು ಮಾಡಬೇಕು ಅಂತ ಬಯಸುತ್ತಲೇ ಅದಕ್ಕೆ ಪಶ್ಚಾತ್ತಾಪ ಪಡಲು ಆಗುವುದಿಲ್ಲ, ಒಂದಕ್ಕೊಂದು ವಿರೋಧ" ಅಂದ. ಆಮೇಲೆ ಗ್ವೀದೊನ ಕಡೆ ತಿರುಗಿ, "ನನಗೆ ತರ್ಕ ಬರುತ್ತೆ ಅಂತ ನಿನಗೆ ಗೊತ್ತಿರಲಿಲ್ಲ, ಅಲ್ವಾ?" ಅಂದ. ಮಿನೋಸ್ ಎಂಟು ಸುತ್ತು ಬಾಲ ಸುತ್ತಿಕೊಂಡ, ಸಿಟ್ಟಿಗೆ ಅದನ್ನೇ ಕಚ್ಚಿಕೊಂಡ.

ಈಗ ಎರಡನೇ ಭಾಗ ತೆಗೆಯಿರಿ. ಶುದ್ಧಿಯ ಬೆಟ್ಟ, ಪಶ್ಚಾತ್ತಾಪ ಪಟ್ಟವರು ಸ್ವರ್ಗಕ್ಕೆ ಹೋಗುವ ಮೊದಲು ಪಾಪ ತೊಳೆದುಕೊಳ್ಳುವ ಜಾಗ. ಐದನೇ ಸರ್ಗ. ಅಲ್ಲಿ ಸಿಗುವವನು ಬೊಂಕೊಂತೆ ದ ಮೊಂತೆಫೆಲ್ತ್ರೊ. ಅದೇ ಗ್ವೀದೊನ ಮಗ! ಇವನೂ ಕತ್ತಿ ಹಿಡಿದವನು. 1289ರ ಜೂನ್ 11ರಂದು ಕಂಪಲ್ದೀನೊ ಬಯಲಿನಲ್ಲಿ ಅರೆಝೊ ಕಡೆಯಿಂದ ಹೋರಾಡಿ ಸತ್ತ. ಎದುರುಗಡೆ ಫ್ಲಾರೆನ್ಸಿನ ಸೈನ್ಯದಲ್ಲಿ ಕುದುರೆ ಮೇಲಿದ್ದ 24 ವರ್ಷದ ಹುಡುಗರಲ್ಲಿ ಡಾಂಟೆಯೂ ಒಬ್ಬ. ಬೊಂಕೊಂತೆಯ ಹೆಣ ಸಿಗಲೇ ಇಲ್ಲ. ಹಾಗಾಗಿ ಡಾಂಟೆ ಮೊದಲು ಕೇಳುವ ಪ್ರಶ್ನೆಯೇ ಅದು: ಕಂಪಲ್ದೀನೊದಿಂದ ನೀನು ಹೋದದ್ದೆಲ್ಲಿಗೆ?

ಅವನು ಹೇಳುತ್ತಾನೆ. ಗಂಟಲಿಗೆ ಗಾಯ ಆಗಿತ್ತು. ಕುದುರೆ ಇಲ್ಲ. ನೆಲದ ಮೇಲೆ ರಕ್ತ ಸುರಿಸುತ್ತಾ ಓಡಿ, ಆರ್ಕಿಯಾನೊ ಹೊಳೆ ಆರ್ನೊ ನದಿಗೆ ಸೇರುವ ಜಾಗಕ್ಕೆ ಬಂದೆ. ಕಣ್ಣು ಮಂಜಾಯಿತು. ಮಾತು ನಿಂತಿತು. ಕೊನೆಗೆ ಬಂದದ್ದು ಮರಿಯಾ ಅನ್ನುವ ಹೆಸರು. ಅಲ್ಲೇ ಬಿದ್ದೆ. ದೇವರ ದೂತ ಬಂದು ನನ್ನನ್ನು ಎತ್ತಿಕೊಂಡ. ನರಕದವನು ಕೂಗಿದ: "ಒಂದು ಚಿಕ್ಕ ಕಣ್ಣೀರ ಹನಿಗೆ ಇವನನ್ನು ನನ್ನಿಂದ ಕಸಿದುಕೊಳ್ಳುತ್ತೀಯಾ? ಆತ್ಮ ನಿನಗಾದರೆ ಹೆಣಕ್ಕೆ ಏನು ಮಾಡಬೇಕೋ ನಾನು ಮಾಡುತ್ತೇನೆ." ಆಮೇಲೆ ಕಣಿವೆ ತುಂಬ ಮೋಡ ಕವಿಸಿ ಮಳೆ ಸುರಿಸಿದ. ಉಕ್ಕಿ ಬಂದ ಹೊಳೆ ಹೆಣವನ್ನು ಎಳೆದು ಆರ್ನೊಗೆ ತಳ್ಳಿತು. ಸಾಯುವಾಗ ಎದೆಯ ಮೇಲೆ ಶಿಲುಬೆಯಂತೆ ಕಟ್ಟಿದ್ದ ಕೈಗಳನ್ನೂ ನೀರು ಬಿಡಿಸಿತು.

ತಂದೆಯ ಹತ್ತಿರ ಪೋಪ್ ಕೊಟ್ಟ ಕ್ಷಮೆ ಇತ್ತು, ಸನ್ಯಾಸಿಯ ಬಟ್ಟೆ ಇತ್ತು, ಸ್ವತಃ ಫ್ರಾನ್ಸಿಸ್ ಬಂದಿದ್ದ. ನರಕಕ್ಕೆ ಹೋದ. ಮಗನ ಹತ್ತಿರ ಒಂದು ಹನಿ. ಪಾಪದ ತೂಕ ನೋಡಿದರೆ ಇಬ್ಬರಿಗೂ ಜಾಸ್ತಿ ವ್ಯತ್ಯಾಸ ಇಲ್ಲ. ಡಾಂಟೆಯ ನರಕದಲ್ಲಿ ಇರುವವರು ದೊಡ್ಡ ಪಾಪ ಮಾಡಿದವರಲ್ಲ, ಕಡೇ ಗಳಿಗೆಗೂ ಪಾಪದ ಕಡೆ ಬೆನ್ನು ತಿರುಗಿಸದವರು. ಬರೀ ಮೊದಲ ಭಾಗ ಓದಿದವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಇಟಲಿಕನ್ನಡಿಗ

ನಾನು ಫ್ಲಾರೆನ್ಸ್ ಹತ್ತಿರ ಕೆಲಸದಲ್ಲಿದ್ದೇನೆ. ಕಂಪಲ್ದೀನೊ ಬಯಲು ಇರುವುದು ಪೊಪ್ಪಿ ಅನ್ನುವ ಊರಿನ ಕೆಳಗೆ. ಗುಡ್ಡದ ಮೇಲೆ ಕೋಟೆ, ಕೆಳಗೆ ಹೊಲ, ರಸ್ತೆ ಪಕ್ಕ ಯುದ್ಧದ ನೆನಪಿಗೆ ಒಂದು ಕಂಬ. ಸುತ್ತ ಬೆಟ್ಟ. ಮಳೆ ಬಂದರೆ ನೀರು ಹೇಗೆ ಇಳಿದುಬರುತ್ತೆ ಅಂತ ಅಲ್ಲಿ ನಿಂತರೆ ಅರ್ಥ ಆಗುತ್ತದೆ. ಡಾಂಟೆ ಆ ಹೊಳೆಯನ್ನು ನಕ್ಷೆ ನೋಡಿ ಬರೆದಿಲ್ಲ.

ಇನ್ನೊಂದು ವಿಷಯ. ಮೂರು ಬಾಯಿಯಲ್ಲಿ ಪಾಪಿಗಳನ್ನು ಅಗಿಯುವ ಲೂಸಿಫರ್ ಚಿತ್ರ ಡಾಂಟೆ ತಲೆಯಿಂದಲೇ ಹುಟ್ಟಿದ್ದಲ್ಲ. ಅವನಿಗೆ ಜ್ಞಾನಸ್ನಾನ ಆದ ಫ್ಲಾರೆನ್ಸಿನ ಸಾನ್ ಜೊವಾನ್ನಿ ಮಂದಿರದ ಒಳಛಾವಣಿಯಲ್ಲಿ ಮೊಸಾಯಿಕ್ ಕೆಲಸ ಇದೆ, 13ನೇ ಶತಮಾನದ್ದು. ಕೊಂಬಿನ ಸೈತಾನ ಒಬ್ಬನನ್ನು ಬಾಯಲ್ಲಿ ತುರುಕಿಕೊಂಡಿದ್ದಾನೆ. ಅವನ ಕಿವಿಗಳಿಂದ ಹೊರಟ ಹಾವುಗಳು ಇನ್ನಿಬ್ಬರನ್ನು ನುಂಗುತ್ತಿವೆ. ತಲೆ ಎತ್ತಿದರೆ ಕಾಣುವುದು ಅದೇ. ಚಿಕ್ಕ ಮಕ್ಕಳು ಅದನ್ನು ನೋಡಿ ಬೆಳೆದರೆ ಇನ್ನೇನಾಗುತ್ತಾರೆ!

ಅರ್ಧ_ಓದಿದವ

ತಂದೆ ಮಗನ ವಿಷಯ ಗೊತ್ತಿರಲಿಲ್ಲ. ಚೆನ್ನಾಗಿದೆ. ಆದರೆ ಇದರಿಂದ ನನ್ನ ತಕರಾರು ಇನ್ನೂ ಜಾಸ್ತಿಯಾಯಿತು ಹಳೇಪುಸ್ತಕ ಸರ್. ಜೀವಮಾನವೆಲ್ಲ ಜನರನ್ನು ಕೊಂದವನು ಕೊನೆಯಲ್ಲಿ ಒಂದು ಹನಿ ಕಣ್ಣೀರು ಹಾಕಿದರೆ ಪಾಸ್? ಅವನ ಕೈಯಲ್ಲಿ ಸತ್ತವರ ಗತಿ ಏನು? ಅವರಿಗೆ ಅಳುವಷ್ಟೂ ಸಮಯ ಸಿಗದೆ ನರಕಕ್ಕೆ ಹೋಗಿದ್ದರೆ? ಕೊಂದವನು ಬೆಟ್ಟದ ಮೇಲೆ, ಸತ್ತವನು ಕೆಳಗೆ. ಇದೇನು ಲಾಟರಿಯಾ?

ತರ್ಕದಣ್ಣ

ಒಳ್ಳೇ ಏಟು. ನನ್ನ ಹತ್ತಿರ ಇದಕ್ಕೆ ಪೂರ್ತಿ ಉತ್ತರ ಇಲ್ಲ.

ನಿವೃತ್ತಮೇಷ್ಟ್ರು

ಲಾಟರಿ ಅನ್ನುವುದಕ್ಕೆ ಅರ್ಧ ಉತ್ತರ ನನ್ನ ಹತ್ತಿರ ಇದೆ. ಉಳಿದರ್ಧ ಯಾರಾದರೂ ಹೇಳಿ.

ಆ ಹನಿಯಿಂದ ಸಿಗುವುದು ಪಾಸ್ ಅಲ್ಲಪ್ಪ, ಹಾಲ್ ಟಿಕೆಟ್ ಅಷ್ಟೇ. ಬೆಟ್ಟದ ಬುಡದಲ್ಲೇ ಕಾಯಬೇಕು. ಮನ್‌ಫ್ರೇದಿ ಅನ್ನುವ ರಾಜ 1266ರಲ್ಲಿ ಬೆನೆವೆಂತೊ ಯುದ್ಧದಲ್ಲಿ ಸತ್ತ. ಚರ್ಚು ಅವನನ್ನು ಹೊರಗೆ ಹಾಕಿತ್ತು. ಅವನ ಮೂಳೆಗಳನ್ನು ಕಿತ್ತು ಹೊಳೆಯಾಚೆ ಎಸೆದರು. ನನ್ನ ಪಾಪಗಳು ಘೋರವಾಗಿದ್ದವು ಅಂತ ಅವನೇ ಒಪ್ಪುತ್ತಾನೆ. ಹಾಗೆ ಬಹಿಷ್ಕಾರದಲ್ಲಿ ಸತ್ತವರು, ಚರ್ಚಿಗೆ ಬೆನ್ನು ಹಾಕಿ ಎಷ್ಟು ಕಾಲ ಕಳೆದರೋ ಅದರ 30 ಪಟ್ಟು ಹೊರಗೇ ಕಾಯಬೇಕು. ಬದುಕಿರುವವರು ಪ್ರಾರ್ಥನೆ ಮಾಡಿದರೆ ಕಾಲ ಕಡಿಮೆಯಾಗುತ್ತದೆ. ಅದಕ್ಕೇ ಅವನು, ನನ್ನ ಮಗಳು ಕೊಸ್ತಾಂಝಾಗೆ ಹೇಳು ಅಂತ ಡಾಂಟೆಯನ್ನು ಬೇಡುತ್ತಾನೆ. ಬೊಂಕೊಂತೆಯ ಕಥೆ ಇನ್ನೂ ಕಷ್ಟ. ಹೆಂಡತಿ ಜೊವಾನ್ನಾಗೆ ಅವನ ಚಿಂತೆಯೇ ಇಲ್ಲ. ಹಾಗಾಗಿ ತಲೆ ತಗ್ಗಿಸಿ ನಡೆಯುತ್ತಿದ್ದಾನೆ.

ಆಮೇಲೆ ಬಾಗಿಲು. ಕತ್ತಿ ಹಿಡಿದ ದೂತ ಡಾಂಟೆಯ ಹಣೆಯ ಮೇಲೆ ಏಳು 'ಪಿ' ಅಕ್ಷರ ಗೀರುತ್ತಾನೆ, ಏಳು ಪಾಪಕ್ಕೆ ಏಳು ಗುರುತು. ಬೆಟ್ಟದ ಸುತ್ತ ಏಳು ಅಂಚುಗಳು: ಗರ್ವ, ಹೊಟ್ಟೆಕಿಚ್ಚು, ಕೋಪ, ಸೋಮಾರಿತನ, ದುರಾಸೆ, ಹೊಟ್ಟೆಬಾಕತನ, ಕಾಮ. ಒಂದೊಂದು ದಾಟಿದ ಮೇಲೆ ಒಂದು ಅಕ್ಷರ ಅಳಿಸಿಹೋಗುತ್ತದೆ. ಮೊದಲನೆಯದು ಅಳಿಸಿದ ಕೂಡಲೇ ಡಾಂಟೆ, ತನಗೆ ದಾರಿ ತೋರಿಸುವ ರೋಮನ್ ಕವಿ ವರ್ಜಿಲ್‌ನನ್ನು ಕೇಳುತ್ತಾನೆ: ಏನೋ ಭಾರ ಇಳಿದ ಹಾಗಿದೆ, ನಡೆಯುವುದೇ ಗೊತ್ತಾಗುತ್ತಿಲ್ಲ, ಏನದು?

ನೋವು ಇಲ್ಲಿ ಕಡಿಮೆ ಅಂದುಕೊಳ್ಳಬೇಡಿ. ಗರ್ವಿಗಳು ಬಂಡೆ ಹೊತ್ತು, ಮೊಣಕಾಲು ಎದೆಗೆ ತಾಗುವಷ್ಟು ಬಗ್ಗಿ ನಡೆಯುತ್ತಾರೆ. ಹೊಟ್ಟೆಕಿಚ್ಚಿನವರ ಕಣ್ಣುರೆಪ್ಪೆಗಳನ್ನು ಕಬ್ಬಿಣದ ತಂತಿಯಿಂದ ಹೊಲಿದಿದ್ದಾರೆ. ಹೊಲಿಗೆಯ ಸಂದಿಯಿಂದ ಕಣ್ಣೀರು ಒಸರುತ್ತದೆ. ಗೋಡೆಗೆ ಒರಗಿ, ಒಬ್ಬರ ಭುಜಕ್ಕೆ ಇನ್ನೊಬ್ಬರು ಆನಿಕೊಂಡು ಕೂತಿದ್ದಾರೆ. ಬದುಕಿದ್ದಾಗ ಪಕ್ಕದವನನ್ನು ಕಂಡರೆ ಆಗದವರು ಈಗ ಅವನಿಲ್ಲದಿದ್ದರೆ ಬೀಳುತ್ತಾರೆ. ನರಕಕ್ಕೂ ಇಲ್ಲಿಗೂ ವ್ಯತ್ಯಾಸ ಇರುವುದು ಇಲ್ಲಿ. ನರಕದಲ್ಲಿ ಪ್ರತಿಯೊಬ್ಬನೂ ಒಂಟಿ, ಇಲ್ಲವೇ ಪಕ್ಕದವನ ತಲೆ ಕಚ್ಚುತ್ತಿರುತ್ತಾನೆ.

ಈಗ ಮುಖ್ಯವಾದದ್ದು. ಯಾವಾಗ ಮುಗಿಯಿತು ಅಂತ ಯಾರು ಹೇಳುತ್ತಾರೆ? ಯಾವ ಜಡ್ಜೂ ಇಲ್ಲ. 21ನೇ ಸರ್ಗದಲ್ಲಿ ರೋಮನ್ ಕವಿ ಸ್ತಾತ್ಸಿಯುಸ್ ಹೇಳುವಂತೆ, ಆತ್ಮಕ್ಕೆ ತಾನು ಶುದ್ಧವಾದೆ ಅಂತ ತಾನೇ ಅನಿಸಿದಾಗ ಎದ್ದು ಹೊರಡುತ್ತದೆ. ಅದಕ್ಕೂ ಮೊದಲು ಅದಕ್ಕೇ ಹೊರಡಲು ಮನಸ್ಸಿರುವುದಿಲ್ಲ. ಯಾರಾದರೂ ಹೀಗೆ ಎದ್ದರೆ ಬೆಟ್ಟವೇ ನಡುಗುತ್ತದೆ, ಮೇಲಿಂದ ಕೆಳಗಿನವರೆಗೆ ಎಲ್ಲರೂ ಹಾಡುತ್ತಾರೆ. ಇನ್ನೊಬ್ಬನಿಗೆ ಬಿಡುಗಡೆ ಆದದ್ದಕ್ಕೆ! ಸ್ತಾತ್ಸಿಯುಸ್ ಒಂದು ಅಂಚಿನಲ್ಲಿ 400 ವರ್ಷಕ್ಕೂ ಹೆಚ್ಚು, ಇನ್ನೊಂದರಲ್ಲಿ 500ಕ್ಕೂ ಹೆಚ್ಚು ವರ್ಷ ಕಳೆದಿದ್ದಾನೆ. ಪಾಸ್ ಅಂದಿರಲ್ಲ, ಲೆಕ್ಕ ಹಾಕಿ.

ಅರ್ಧ_ಓದಿದವ

ಮೇಷ್ಟ್ರೇ, 900 ವರ್ಷ ಆದರೂ ಅದು ಮುಗಿಯುತ್ತೆ. ಕೆಳಗಿನವರಿಗೆ ಮುಗಿಯುವುದಿಲ್ಲ. ಸತ್ತವರ ಗತಿ ಏನು ಅಂದದ್ದಕ್ಕೆ ನೀವು ಉತ್ತರ ಕೊಟ್ಟಿಲ್ಲ.

ನಿವೃತ್ತಮೇಷ್ಟ್ರು

ಕೊಟ್ಟಿಲ್ಲ. ಡಾಂಟೆಯೂ ಕೊಟ್ಟಿಲ್ಲ.

ಕರಾವಳಿಹುಡುಗಿ

ಫ್ರಾಂಚೆಸ್ಕಾಗೆ ಜೋಡಿ ಎರಡನೇ ಭಾಗದಲ್ಲಿ ಇದೆಯಾ ಅಂತ ಹುಡುಕಿದೆ. ಇದೆ. ಏಳನೇ ಅಂಚು ಕಾಮದ್ದು. ಅಲ್ಲಿ ಬೆಂಕಿಯೊಳಗೆ ನಡೆಯುತ್ತಿರುವವರು ಯಾರು ಗೊತ್ತಾ? ಪ್ರೇಮದ ಕವಿಗಳೇ! ಗ್ವೀದೊ ಗ್ವಿನಿಝೆಲ್ಲಿ, ಅರ್ನಾಟ್ ದಾನಿಯೆಲ್. ಗ್ವಿನಿಝೆಲ್ಲಿಯನ್ನು ಡಾಂಟೆ ತನ್ನ ತಂದೆ ಅನ್ನುತ್ತಾನೆ, ತನ್ನಂಥ ಕವಿಗಳಿಗೆಲ್ಲ ತಂದೆ. ಅವನು ಹೆಸರು ಹೇಳಿ, ಸಾಯುವ ಮೊದಲೇ ಪಶ್ಚಾತ್ತಾಪ ಪಟ್ಟೆ, ಅದಕ್ಕೇ ಇಲ್ಲಿದ್ದೇನೆ ಅಂತಾನೆ. ಮಾತು ಮುಗಿದ ಮೇಲೆ ತಾನಾಗಿಯೇ ಬೆಂಕಿಯ ಒಳಕ್ಕೆ ಸರಿಯುತ್ತಾನೆ, ಮೀನು ನೀರಿನ ತಳಕ್ಕೆ ಇಳಿಯುವಂತೆ ಅಂತ ಕವಿಯೇ ಬರೆದಿದ್ದಾನೆ. ಯಾರೂ ತಳ್ಳುತ್ತಿಲ್ಲ.

ಮತ್ತೆ ಎಲ್ಲರಿಗೂ ಶಿಕ್ಷೆ ಹಂಚಿದ ಡಾಂಟೆ ತನ್ನನ್ನು ಬಿಟ್ಟುಕೊಂಡಿಲ್ಲ. ಈ ಬೆಂಕಿಯನ್ನು ಅವನೂ ದಾಟಬೇಕು. ಹೆದರಿ ನಿಂತುಬಿಡುತ್ತಾನೆ. ವರ್ಜಿಲ್ ಎಷ್ಟು ಹೇಳಿದರೂ ಹೆಜ್ಜೆ ಎತ್ತುವುದಿಲ್ಲ. "ನೋಡು ಮಗು, ನಿನಗೂ ಬಿಯಾಟ್ರಿಸ್‌ಗೂ ನಡುವೆ ಇರುವುದು ಈ ಗೋಡೆ ಒಂದೇ" ಅಂದಾಗ, ತಾನು ಪ್ರೀತಿಸಿ ಕಳೆದುಕೊಂಡವಳ ಹೆಸರು ಕೇಳಿ ಹೊರಡುತ್ತಾನೆ. ಒಳಗೆ ಹೋದ ಮೇಲೆ, ಕುದಿಯುವ ಗಾಜಿನಲ್ಲಿ ಬಿದ್ದಿದ್ದರೂ ತಂಪಾಗಿರುತ್ತಿತ್ತು ಅನ್ನುತ್ತಾನೆ. ಗರ್ವದ ಅಂಚಿನ ಬಗ್ಗೆಯೂ ಅಷ್ಟೇ. ಸತ್ತ ಮೇಲೆ ನಾನು ಇಲ್ಲಿಗೇ ಬರುವವನು, ಆ ಬಂಡೆಯ ಭಾರ ಈಗಲೇ ಹೆಗಲ ಮೇಲಿದೆ ಅಂತ ಒಪ್ಪಿಕೊಳ್ಳುತ್ತಾನೆ.

ತರ್ಕದಣ್ಣ

ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಆತ್ಮಕ್ಕೆ ಮೈ ಇಲ್ಲ. ಮತ್ತೆ ಬೆಂಕಿ ಹೇಗೆ ಸುಡುತ್ತೆ? ಉಪವಾಸ ಇದ್ದರೆ ಹೇಗೆ ಬಡಕಲಾಗುತ್ತೆ? ಡಾಂಟೆಗೇ ಈ ಅನುಮಾನ ಬರುತ್ತದೆ. ಹೊಟ್ಟೆಬಾಕರ ಅಂಚಿನಲ್ಲಿ ಎಲ್ಲರೂ ಮೂಳೆ ಚಕ್ಕಳ. ಊಟವೇ ಬೇಡದವರು ಸೊರಗುವುದು ಹೇಗೆ ಅಂತ ಕೇಳುತ್ತಾನೆ. 25ನೇ ಸರ್ಗದಲ್ಲಿ ಸ್ತಾತ್ಸಿಯುಸ್ ಉತ್ತರ ಕೊಡುತ್ತಾನೆ. ಆತ್ಮ ಹೋದ ಕಡೆ ಸುತ್ತಲಿನ ಗಾಳಿಯ ಮೇಲೆ ತನ್ನ ಅಚ್ಚು ಒತ್ತುತ್ತದೆ. ಆ ಗಾಳಿಯ ಮೈಗೇ ನಗು, ಅಳು, ನೋವು. ಮನಸ್ಸಿನಲ್ಲಿ ಏನಿದೆಯೋ ಅದೇ ಆಕಾರ.

ಈ ನಿಯಮವನ್ನು ಅವನು ಎಷ್ಟು ಚೆನ್ನಾಗಿ ಬಳಸಿಕೊಳ್ಳುತ್ತಾನೆ ಅಂದರೆ, ಬೆಟ್ಟದ ಬುಡದಲ್ಲಿ ಹಳೇ ಗೆಳೆಯ ಗಾಯಕ ಕಸೆಲ್ಲಾ ಸಿಕ್ಕಾಗ ಡಾಂಟೆ ಮೂರು ಸಲ ತಬ್ಬಿಕೊಳ್ಳಲು ಹೋಗುತ್ತಾನೆ. ಮೂರು ಸಲವೂ ಕೈ ಬಂದು ತನ್ನ ಎದೆಗೇ ತಾಗುತ್ತದೆ. ಅಲ್ಲಿ ನೆರಳು ಬೀಳುವುದು ಅವನೊಬ್ಬನದೇ. ಬಿಸಿಲಿನಲ್ಲಿ ಆ ನೆರಳು ಕಂಡು ಆತ್ಮಗಳೆಲ್ಲ ಬೆಚ್ಚುತ್ತವೆ.

ಸುಮ್ನೆಬಂದೆ

ಸುಮ್ನೆ ಕಾಮೆಂಟ್ ಹಾಕಿ ಹೋಗೋಣ ಅಂತ ಬಂದವನು ನಾಲ್ಕನೇ ಸರ್ಗ ಓದಿಬಿಟ್ಟೆ. ಬೆಲಾಕ್ವಾ ಅಂತ ಒಬ್ಬ ಇದ್ದಾನೆ. ಡಾಂಟೆಯ ಪರಿಚಯದವನು, ಸೋಮಾರಿ ನಂಬರ್ ಒನ್. ಬಂಡೆಯ ನೆರಳಲ್ಲಿ ಮೊಣಕಾಲು ತಬ್ಬಿ, ತಲೆಯನ್ನು ಅದರ ಮಧ್ಯೆ ಇಟ್ಟು ಕೂತಿದ್ದಾನೆ. ಡಾಂಟೆ ಏದುಸಿರು ಬಿಡುತ್ತಾ ಹತ್ತಿ ಬಂದು ಸೂರ್ಯ ಎಡಕ್ಕೆ ಯಾಕೆ ಕಾಣುತ್ತಾನೆ ಅಂತ ವರ್ಜಿಲ್ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದರೆ, ಇವನು ತಲೆಯನ್ನೂ ಸರಿಯಾಗಿ ಎತ್ತದೆ, "ಅಷ್ಟು ಚುರುಕಿದ್ದರೆ ನೀನೇ ಹತ್ತಿ ಹೋಗು" ಅಂತಾನೆ. ಪಶ್ಚಾತ್ತಾಪವನ್ನೂ ಕೊನೇ ತನಕ ಮುಂದೂಡಿದವನು. ಬದುಕಿದ್ದಷ್ಟೇ ವರ್ಷ ಹೊರಗೆ ಕಾಯಬೇಕಂತೆ. ಬೇಜಾರೇ ಇಲ್ಲ ಅವನಿಗೆ. ಡಾಂಟೆ ಅಲ್ಲಿ ಸ್ವಲ್ಪ ನಗುತ್ತಾನೆ.

ನನ್ನ ಜಾಗ ಸಿಕ್ಕಿತು ಗುರು. ಬೋರು ಅಂದವರು ಯಾರು?

ಅರ್ಧ_ಓದಿದವ

ನೀವೇ 😄

ಸರಿ, ಎರಡನೇ ಭಾಗ ಶುರು ಮಾಡಿದ್ದೇನೆ. 17ನೇ ಸರ್ಗದವರೆಗೆ ಬಂದೆ. ಅಲ್ಲಿ ವರ್ಜಿಲ್ ಹೇಳುವ ಲೆಕ್ಕ ಹಿಡಿಸಿತು. ಎಲ್ಲ ಪಾಪದ ಬೇರೂ ಪ್ರೀತಿಯೇ ಅಂತೆ. ಪಕ್ಕದವನಿಗೆ ಕೆಟ್ಟದ್ದಾಗಲಿ ಅಂತ ಪ್ರೀತಿ ಅಡ್ಡದಾರಿ ಹಿಡಿದರೆ ಗರ್ವ, ಹೊಟ್ಟೆಕಿಚ್ಚು, ಕೋಪ. ಒಳ್ಳೆಯದರ ಮೇಲೆ ಸಾಕಷ್ಟು ಪ್ರೀತಿ ಇಲ್ಲದಿದ್ದರೆ ಸೋಮಾರಿತನ. ದುಡ್ಡು, ಊಟ, ಮೈಯ ಮೇಲೆ ಜಾಸ್ತಿಯಾದರೆ ಉಳಿದ ಮೂರು. ನರಕದ 11ನೇ ಸರ್ಗದಲ್ಲಿ ಅರಿಸ್ಟಾಟಲ್ ಹಿಡಿದು ಮಾಡಿದ ವಿಂಗಡಣೆಗಿಂತ ಇದು ಮನುಷ್ಯರಿಗೆ ಹತ್ತಿರ. ಅಲ್ಲಿ ಏನು ಮಾಡಿದೆ ಅಂತ ಕೇಳುತ್ತಾರೆ, ಇಲ್ಲಿ ಏನು ಬಯಸಿದೆ ಅಂತ.

ಆದರೆ ನ್ಯಾಯದ ಪ್ರಶ್ನೆ ಬಿಡುವುದಿಲ್ಲ. ಇದೆಲ್ಲ ಕ್ರಿಸ್ತನ ಹೆಸರು ಕೇಳಿದವರಿಗೆ. ಕೇಳದವರ ಕಥೆ? ನಮ್ಮಂಥವರದು?

ಇಟಲಿಕನ್ನಡಿಗ

ನಿಮ್ಮ ಪ್ರಶ್ನೆಯನ್ನು ಡಾಂಟೆಯೇ ಕೇಳಿದ್ದಾನೆ, ಅದೂ ನಮ್ಮ ಕಡೆಯ ನದಿಯ ಹೆಸರು ಹಿಡಿದು! ಸ್ವರ್ಗದ 19ನೇ ಸರ್ಗ. ಗುರುಗ್ರಹದ ಲೋಕದಲ್ಲಿ ನ್ಯಾಯವಂತ ರಾಜರ ಆತ್ಮಗಳೆಲ್ಲ ಸೇರಿ ಒಂದು ಹದ್ದಿನ ಆಕಾರ ಆಗಿವೆ. ಹದ್ದು ಒಂದೇ ದನಿಯಲ್ಲಿ ಮಾತಾಡುತ್ತದೆ. ಡಾಂಟೆಯ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಅದೇ ಬಾಯಿಬಿಟ್ಟು ಹೇಳುತ್ತದೆ: ಸಿಂಧೂ ನದಿಯ ದಡದಲ್ಲಿ ಒಬ್ಬ ಹುಟ್ಟುತ್ತಾನೆ. ಅಲ್ಲಿ ಕ್ರಿಸ್ತನ ಬಗ್ಗೆ ಹೇಳುವವರಿಲ್ಲ, ಓದಿಸುವವರಿಲ್ಲ, ಬರೆಯುವವರಿಲ್ಲ. ಅವನ ನಡೆ ನುಡಿ ಎಲ್ಲ ಒಳ್ಳೆಯದೇ. ಜ್ಞಾನಸ್ನಾನ ಇಲ್ಲದೆ ಸಾಯುತ್ತಾನೆ. ಅವನನ್ನು ದೂರ ಇಡುವ ನ್ಯಾಯ ಎಲ್ಲಿಯದು? ಅವನ ತಪ್ಪೇನು?

ಹದ್ದಿನ ಉತ್ತರ ಗದರಿದಂತೆ ಇದೆ: ಗೇಣುದ್ದ ಕಾಣುವ ಕಣ್ಣಿಟ್ಟುಕೊಂಡು ಸಾವಿರ ಮೈಲಿ ಆಚೆಯದನ್ನು ತೀರ್ಪು ಮಾಡಲು ಕೂರುವ ನೀನು ಯಾರು? ಆದರೆ ಕೂಡಲೇ ಇನ್ನೊಂದು ಮಾತೂ ಹೇಳುತ್ತದೆ. ಕ್ರಿಸ್ತ, ಕ್ರಿಸ್ತ ಅಂತ ಕೂಗುವ ಎಷ್ಟೋ ಜನ ಕೊನೆಯ ದಿನ, ಅವನ ಹೆಸರೇ ಗೊತ್ತಿಲ್ಲದವನಿಗಿಂತ ದೂರ ಇರುತ್ತಾರೆ. ಆಮೇಲೆ ಆ ಕಾಲದ ಯುರೋಪಿನ ರಾಜರನ್ನೆಲ್ಲ ಹೆಸರು ಹಿಡಿದು ಬೈಯುತ್ತದೆ.

ತರ್ಕದಣ್ಣ

ಪ್ರಶ್ನೆ ಗಟ್ಟಿ, ಉತ್ತರ "ಬಾಯಿ ಮುಚ್ಚು". ನನಗೆ ಪ್ರಶ್ನೆಯೇ ಇಷ್ಟವಾಯಿತು. ಉತ್ತರ ಇಲ್ಲ ಅಂತ ಗೊತ್ತಿದ್ದೂ ಅಷ್ಟು ಚೆನ್ನಾಗಿ ಬರೆದಿದ್ದಾನಲ್ಲ.

ಹಳೇಪುಸ್ತಕ

ಉತ್ತರ ಮುಂದಿನ ಸರ್ಗಕ್ಕೆ ಹರಿಯುತ್ತದೆ. 20ನೇ ಸರ್ಗದಲ್ಲಿ ಅದೇ ಹದ್ದು ತನ್ನ ಕಣ್ಣಿನ ಸುತ್ತ ಇರುವ ಆತ್ಮಗಳನ್ನು ತೋರಿಸುತ್ತದೆ. ಅದರಲ್ಲಿ ಇಬ್ಬರು ಪೇಗನ್‌ಗಳು, ಅಂದರೆ ಹಳೇ ದೇವರುಗಳನ್ನು ಪೂಜಿಸಿದವರು. ಒಬ್ಬ ರೋಮಿನ ಚಕ್ರವರ್ತಿ ತ್ರಾಜನ್. ಇನ್ನೊಬ್ಬ ರಿಫೇಯುಸ್. ಯಾರಿವನು? ವರ್ಜಿಲ್‌ನ 'ಈನೀಡ್' ಕಾವ್ಯದಲ್ಲಿ ಟ್ರಾಯ್ ಉರಿಯುವಾಗ ಸಾಯುವ ಒಬ್ಬ ಸೈನಿಕ. ಟ್ರಾಯ್‌ನಲ್ಲೇ ಅವನಷ್ಟು ನ್ಯಾಯವಂತ ಇನ್ನೊಬ್ಬನಿರಲಿಲ್ಲ, ಆದರೂ ದೇವರುಗಳಿಗೆ ಬೇರೆ ಅನಿಸಿತು ಅಂತ ವರ್ಜಿಲ್ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಅಷ್ಟೇ ಅವನ ಪಾತ್ರ. ಅಂಥವನನ್ನು ಹುಡುಕಿ ತಂದು ಸ್ವರ್ಗದಲ್ಲಿ ಕೂರಿಸಿದ್ದಾನೆ. ಸಿಂಧೂ ದಡದವನಿಗೆ ಬಾಗಿಲು ಮುಚ್ಚಿಲ್ಲ ಅಂತ ಅರ್ಥ.

ಕರಾವಳಿಹುಡುಗಿ

ಒಂದು ನಿಮಿಷ. ರಿಫೇಯುಸ್ ಸ್ವರ್ಗದಲ್ಲಿ. ಅವನನ್ನು ಎರಡು ಮೂರು ಸಾಲಿನಲ್ಲಿ ಬರೆದ ವರ್ಜಿಲ್ ಮಾತ್ರ ನರಕದ ಮೊದಲನೇ ವೃತ್ತದಲ್ಲಿ? ಅದೂ ಇಡೀ ದಾರಿ ಡಾಂಟೆಯ ಕೈ ಹಿಡಿದು ನಡೆಸಿದವನು!

ಇನ್ನೂ ಇದೆ. ಎರಡನೇ ಭಾಗದ 22ನೇ ಸರ್ಗದಲ್ಲಿ ಸ್ತಾತ್ಸಿಯುಸ್ ವರ್ಜಿಲ್‌ಗೆ ಹೇಳುತ್ತಾನೆ: ನಿನ್ನ ಪದ್ಯ ಓದಿಯೇ ನಾನು ಕ್ರೈಸ್ತನಾದೆ. ನೀನು ರಾತ್ರಿಯಲ್ಲಿ ದೀಪವನ್ನು ಬೆನ್ನ ಹಿಂದೆ ಹಿಡಿದು ನಡೆದವನ ಹಾಗೆ, ನಿನಗೆ ಬೆಳಕಿಲ್ಲ, ಹಿಂದೆ ಬರುವವರಿಗೆ ದಾರಿ. ಇದನ್ನು ಕೇಳಿಸಿಕೊಂಡ ವರ್ಜಿಲ್‌ಗೆ ಹೇಗನಿಸಿರಬೇಡ? ಆಮೇಲೆ 30ನೇ ಸರ್ಗದಲ್ಲಿ ಬಿಯಾಟ್ರಿಸ್ ಬಂದಳು ಅಂತ ಡಾಂಟೆ ಸಂಭ್ರಮದಿಂದ ತಿರುಗಿ ನೋಡುತ್ತಾನೆ. ವರ್ಜಿಲ್ ಇಲ್ಲ. ಹೋಗುತ್ತೇನೆ ಅಂತಲೂ ಹೇಳದೆ ಹೋಗಿದ್ದಾನೆ. ಸ್ವರ್ಗದ ಅಂಚಿಗೆ ಬಂದು ಡಾಂಟೆ ಅಳುತ್ತಾನೆ.

ಪೇಗನ್ ತ್ರಾಜನ್‌ಗೆ ಸಿಕ್ಕಿದ ವಿನಾಯಿತಿ ಇವನಿಗೆ ಯಾಕಿಲ್ಲ? ಬರೆಯುವವನು ಡಾಂಟೆಯೇ ತಾನೇ, ಒಂದು ಸಾಲು ಸೇರಿಸಿದ್ದರೆ ಮುಗಿಯುತ್ತಿತ್ತು.

ಹಳೇಪುಸ್ತಕ

ಅವನಿಗೆ ಆಗುತ್ತಿತ್ತು, ಬೇಕೆಂದೇ ಮಾಡಲಿಲ್ಲ ಅಂತ ನನ್ನ ಓದು. ವರ್ಜಿಲ್‌ನನ್ನು ಮೇಲಕ್ಕೆ ಎಳೆದುಕೊಂಡಿದ್ದರೆ ಆ ಹದ್ದಿನ ಮುಂದೆ ಕೇಳುವ ಪ್ರಶ್ನೆಗೆ ಬಿಸಿಯೇ ಇರುತ್ತಿರಲಿಲ್ಲ. ಯಾರೋ ಸಿಂಧೂ ದಡದವನಿಗಾಗಿ ಅವನು ಅಷ್ಟು ಕೊರಗುತ್ತಿಲ್ಲ, ಕೆಳಗೆ ಬಿಟ್ಟು ಬಂದವನಿಗಾಗಿ.

ಅರ್ಧ_ಓದಿದವ

ಹಾಗಾದರೆ ನನ್ನ ತಕರಾರು ಅವನದೂ ಹೌದು ಅಂತಾಯಿತು. 18ನೇ ಸರ್ಗಕ್ಕೆ ಹೋಗುತ್ತಿದ್ದೇನೆ. ವರ್ಜಿಲ್ ಹೋಗುತ್ತಾನೆ ಅಂತ ಮೊದಲೇ ಹೇಳಿಬಿಟ್ಟಿರಲ್ಲ ಮೇಡಂ, ಅದಕ್ಕೆ ಯಾವ ವೃತ್ತ?

ತರ್ಕದಣ್ಣ

ಎಂಟನೆಯದು. ಜಗಳ ಹಚ್ಚುವವರ ಪಕ್ಕದ ಹಳ್ಳ.